ಕಾಲೇಜು ಅರ್ಜಿಯ ಜೊತೆ ಸಂಗೀತ, ನೃತ್ಯ, ಚಿತ್ರ ಕಳಿಸಬೇಕೆ? ಅಮೆರಿಕದ ಆರ್ಟ್ಸ್ ಸಪ್ಲಿಮೆಂಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜೆರ್ಸಿಯ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ 18 ವರ್ಷದಿಂದ ವೀಣೆ ಪಾಠ ಹೇಳಿಕೊಡುತ್ತಿದ್ದೇನೆ. ನನ್ನ ಹತ್ತಿರ ಕಲಿಯುವ ಮಕ್ಕಳು ಹನ್ನೆರಡನೇ ತರಗತಿಗೆ ಬಂದ ವರ್ಷ, ಆಗಸ್ಟ್ ಹೊತ್ತಿಗೆ, ಅವರ ಅಪ್ಪ ಅಮ್ಮಂದಿರು ಪಾಠ ಮುಗಿದ ಮೇಲೂ ಹೊರಡದೆ ಮೆಟ್ಟಿಲ ಹತ್ತಿರ ನಿಂತುಬಿಡುತ್ತಾರೆ. "ಮೇಡಂ, ಒಂದು ವಿಷಯ ಕೇಳಬೇಕಿತ್ತು" ಅನ್ನುತ್ತಾರೆ. ವಿಷಯ ಯಾವುದೆಂದು ಅವರು ಹೇಳುವ ಮೊದಲೇ ಗೊತ್ತಾಗುತ್ತದೆ. ನನ್ನ ಇಬ್ಬರು ಮಕ್ಕಳೂ ಈ ದಾರಿ ದಾಟಿದವರು. ಮಗಳು ಕಳಿಸಿದಳು, ಮಗ ಕಳಿಸಲಿಲ್ಲ. ಎರಡೂ ಸರಿಯಾದ ನಿರ್ಧಾರವೇ ಎಂದು ಇವತ್ತಿಗೂ ನಂಬಿದ್ದೇನೆ. ಮೆಟ್ಟಿಲ ಹತ್ತಿರ ಕೇಳಿದ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಆರ್ಟ್ಸ್ ಸಪ್ಲಿಮೆಂಟ್ ಅಂದರೆ ಏನು?

ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವಾಗ ಅಂಕಪಟ್ಟಿ, ಪ್ರಬಂಧ, ಶಿಕ್ಷಕರ ಪತ್ರ, ಚಟುವಟಿಕೆಗಳ ಪಟ್ಟಿ ಇವೆಲ್ಲ ಇದ್ದೇ ಇರುತ್ತವೆ. ಇದರ ಮೇಲೆ, ಮಗು ಹಾಡಿದ್ದನ್ನೋ ನುಡಿಸಿದ್ದನ್ನೋ ಕುಣಿದದ್ದನ್ನೋ ಬರೆದ ಚಿತ್ರಗಳನ್ನೋ ಇಷ್ಟವಿದ್ದರೆ ಕಳಿಸಿ ಎಂದು ಕೆಲವು ಕಾಲೇಜುಗಳು ಹೇಳುತ್ತವೆ. ಅದೇ ಆರ್ಟ್ಸ್ ಸಪ್ಲಿಮೆಂಟ್. ಹೆಚ್ಚಿನ ಕಡೆ ಇದನ್ನು ಸ್ಲೈಡ್‌ರೂಮ್ ಎಂಬ ತಾಣದಲ್ಲಿ ಹಾಕಬೇಕು. ಸಂಗೀತವಾದರೆ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದ ರೆಕಾರ್ಡಿಂಗ್, ಚಿತ್ರಕಲೆಯಾದರೆ ಹತ್ತಿಪ್ಪತ್ತು ಕೃತಿಗಳ ಫೋಟೊ, ಜೊತೆಗೆ ಎಲ್ಲಿ ಯಾರ ಹತ್ತಿರ ಎಷ್ಟು ವರ್ಷ ಕಲಿತದ್ದು ಎಂಬ ಒಂದು ಪುಟ. ಕೆಲವು ಕಡೆ ಸಣ್ಣ ಶುಲ್ಕವೂ ಇರುತ್ತದೆ. ಕೊಡುವುದು ಕಷ್ಟವಾದರೆ ವಿನಾಯಿತಿ ಕೇಳಬಹುದು, ಸಂಕೋಚ ಬೇಡ.

ಕಲೆಯನ್ನೇ ಮುಖ್ಯ ವಿಷಯವಾಗಿ ಓದುವ ಶಾಲೆಗಳ ಕಥೆ ಬೇರೆ. ಜೂಲಿಯಾರ್ಡ್‌ಗೆ ಆಡಿಷನ್ ಕೊಡಲೇಬೇಕು. ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ಗೆ 12ರಿಂದ 20 ಕೃತಿಗಳ ಪೋರ್ಟ್‌ಫೋಲಿಯೊ ಇಲ್ಲದೆ ಅರ್ಜಿಯೇ ಪೂರ್ತಿಯಾಗುವುದಿಲ್ಲ. ಅಲ್ಲಿ ಕಳಿಸಲೋ ಬೇಡವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಎಂಜಿನಿಯರಿಂಗೋ ಅರ್ಥಶಾಸ್ತ್ರವೋ ಜೀವಶಾಸ್ತ್ರವೋ ಓದಲು ಹೊರಟ, ಆದರೆ ಕಲೆಯಲ್ಲೂ ಬೆಳೆದ ಮಕ್ಕಳ ಬಗ್ಗೆ ನಾನಿಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಹೆಚ್ಚಿನವರು ಅವರೇ.

ಎಲ್ಲ ಕಾಲೇಜೂ ತೆಗೆದುಕೊಳ್ಳುತ್ತವೆಯೇ?

ಇಲ್ಲ. ಯೇಲ್, ಪ್ರಿನ್ಸ್‌ಟನ್‌ನಂಥವು ತೆಗೆದುಕೊಳ್ಳುತ್ತವೆ. ಅನೇಕ ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಅರ್ಜಿಯಾದ ಕಾಮನ್ ಆ್ಯಪನ್ನು ಎಂಐಟಿ ಬಳಸುವುದಿಲ್ಲ, ತನ್ನದೇ ಅರ್ಜಿ ಇಟ್ಟುಕೊಂಡಿದೆ. ಆದರೂ ಸಂಗೀತಕ್ಕೆ, ಚಿತ್ರಕಲೆಗೆ, ಕೈಯಾರೆ ಏನನ್ನಾದರೂ ಕಟ್ಟುವ ಮಕ್ಕಳ ಕೆಲಸಕ್ಕೆ ಬೇರೆ ಬೇರೆ ಪೋರ್ಟ್‌ಫೋಲಿಯೊಗಳಿಗೆ ಜಾಗ ಕೊಡುತ್ತದೆ. ಕ್ಯಾಲಿಫೋರ್ನಿಯಾದ ಯುಸಿ ಕಾಲೇಜುಗಳು (ಬರ್ಕ್ಲಿ, ಯುಸಿಎಲ್‌ಎಯಂಥ ಸರ್ಕಾರಿ ವಿಶ್ವವಿದ್ಯಾಲಯಗಳು) ಸಾಮಾನ್ಯ ಅರ್ಜಿಯ ಜೊತೆ ಇಂಥದ್ದನ್ನು ತೆಗೆದುಕೊಳ್ಳುವುದೇ ಇಲ್ಲ. ಯುಸಿಎಲ್‌ಎಯಲ್ಲಿ ಸಂಗೀತವನ್ನೇ ಓದುವುದಾದರೆ ಆ ವಿಭಾಗ ಬೇರೆಯಾಗಿ ಕೇಳುತ್ತದೆ, ಅಷ್ಟೆ. ಬರ್ಕ್ಲಿಗೆ ಎಂದು ಮೂರು ವಾರಾಂತ್ಯ ರೆಕಾರ್ಡಿಂಗ್ ಮಾಡಿ, ಆಮೇಲೆ ಹಾಕಲು ಜಾಗವೇ ಇಲ್ಲವೆಂದು ತಿಳಿದು ಪೆಚ್ಚಾಗಿ ಕೂತ ಒಂದು ಮನೆಯನ್ನು ನೋಡಿದ್ದೇನೆ. ಯುಸಿ ಅರ್ಜಿಯಲ್ಲಿ ನಾಲ್ಕು ಸಣ್ಣ ಪ್ರಬಂಧ ಬರೆಯಬೇಕು, ಒಂದೊಂದು 350 ಪದ. ಆರಿಸಿಕೊಳ್ಳಲು ಕೊಡುವ ಎಂಟು ಪ್ರಶ್ನೆಗಳಲ್ಲಿ ಒಂದು ನಿಮ್ಮ ಸೃಜನಶೀಲತೆಯ ಬಗ್ಗೆಯೇ ಇದೆ. ಯುಸಿಗೆ ವೀಣೆಯ ವಿಷಯ ಹೇಳುವ ಜಾಗ ಅದು.

ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಅಕ್ಕನ ಕಾಲದಲ್ಲಿ ಹೀಗಿತ್ತು ಎಂಬುದನ್ನು ತಮ್ಮನಿಗೆ ನಂಬಬೇಡಿ. ಆಗಸ್ಟ್‌ನಲ್ಲಿ ಆಯಾ ಕಾಲೇಜಿನ ಪುಟ ತೆರೆದು ಓದಿ.

ನಾವು ಕಳಿಸಿದ್ದನ್ನು ಕೇಳುವವರು ಯಾರು? ಅವರಿಗೆ ಕರ್ನಾಟಕ ಸಂಗೀತ ಗೊತ್ತಿರುತ್ತದೆಯೇ?

ಪ್ರವೇಶ ವಿಭಾಗದವರು ತಾವೇ ತೀರ್ಮಾನಿಸುವುದು ಕಡಿಮೆ. ರೆಕಾರ್ಡಿಂಗನ್ನು ಅದೇ ಕಾಲೇಜಿನ ಸಂಗೀತ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿನ ಪ್ರಾಧ್ಯಾಪಕರೊಬ್ಬರು ಕೇಳಿ ಒಂದು ಅಂಕಿಯನ್ನೋ ಎರಡು ಸಾಲನ್ನೋ ಬರೆದು ಹಿಂತಿರುಗಿಸುತ್ತಾರೆ. ಅದು ಮಗುವಿನ ಕಡತಕ್ಕೆ ಸೇರುತ್ತದೆ. ಹಾಗಾಗಿ ನಿಮ್ಮ ಶ್ರೋತೃ ಸಂಗೀತ ಬಲ್ಲವರೇ. ಆದರೆ ಅವರು ಬಹುಶಃ ಸೆಲ್ಲೊವೋ ಪಿಯಾನೊವೋ ನುಡಿಸುವವರು.

ಇದರಿಂದ ಹೆದರಬೇಕಿಲ್ಲ. ಶ್ರುತಿ ನಿಲ್ಲುವುದು, ಲಯ ಗಟ್ಟಿಯಾಗಿರುವುದು, ನಾದ ತುಂಬಿಕೊಂಡಿರುವುದು ಯಾವ ಸಂಗೀತದವರಿಗೂ ತಿಳಿಯುತ್ತದೆ. ತಿಳಿಯದೇ ಹೋಗುವುದು ಬೇರೆ ಸಂಗತಿ: ಮಗು ನುಡಿಸಿದ್ದರಲ್ಲಿ ಗುರು ಕಲಿಸಿದ್ದು ಎಷ್ಟು, ಆ ಕ್ಷಣದಲ್ಲಿ ಹುಟ್ಟಿದ್ದು ಎಷ್ಟು ಎಂಬುದು. ನಮಗೆ ಅದು ಬೆಳ್ಳಂಬೆಳಗಿನಷ್ಟು ಸ್ಪಷ್ಟ. ಬರೆದಿಟ್ಟ ಸ್ವರ ನೋಡಿ ನುಡಿಸುವ ಪರಂಪರೆಯಿಂದ ಬಂದವರಿಗೆ ಯಾರಾದರೂ ಹೇಳಬೇಕು. ಅದನ್ನು ಹೇಗೆ ಹೇಳಬೇಕೆಂದು ಮುಂದೆ ಬರೆದಿದ್ದೇನೆ.

ನಮ್ಮ ಸಂಗೀತಕ್ಕೆ ಹಳೆಯ ಮನೆಯೇ ಇರುವ ಕಡೆಗಳೂ ಉಂಟು. ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಿಂದ ಕರ್ನಾಟಕ ಸಂಗೀತದ ಪಾಠವಿದೆ. ಮೃದಂಗದ ಟಿ. ರಂಗನಾಥನ್, ಕೊಳಲಿನ ಟಿ. ವಿಶ್ವನಾಥನ್ ಅಲ್ಲಿ ಕಲಿಸಿದವರು. ಭಾಗವತರ್ ಎಂದು ನಮ್ಮವರು ಪ್ರೀತಿಯಿಂದ ಕರೆದ ಅಮೆರಿಕದ ಗಾಯಕ ಜಾನ್ ಹಿಗಿನ್ಸ್ ಈ ಸಂಗೀತ ಕಲಿಯತೊಡಗಿದ್ದೂ ಅಲ್ಲೇ. ಅಂಥ ಕಡೆ ನಿಮ್ಮ ಮಗಳ ಗಮಕದಲ್ಲಿ ಎಲ್ಲಿ ಜಾರಿತೆಂದೂ ಹಿಡಿಯುತ್ತಾರೆ.

ನಮ್ಮ ಮಗ ಹತ್ತು ವರ್ಷ ಕಲಿತಿದ್ದಾನೆ. ಕಳಿಸಲೇಬೇಕಲ್ಲವೇ?

ಈ ಪ್ರಶ್ನೆಗೆ ಸುಮ್ಮನೆ ಹೌದು ಎಂದುಬಿಡುವುದು ಸುಲಭ, ಎದುರಿಗಿರುವವರ ಮುಖವೂ ಅರಳುತ್ತದೆ. ಆದರೆ ವರ್ಷಗಳ ಲೆಕ್ಕ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಹತ್ತು ವರ್ಷ ಎಂಬುದನ್ನು ಚಟುವಟಿಕೆಗಳ ಪಟ್ಟಿಯೇ ಹೇಳುತ್ತದೆ, ಅದಕ್ಕೆ ರೆಕಾರ್ಡಿಂಗ್ ಬೇಡ. ಕೇಳಿದವರು "ಈ ಮಗು ನಮ್ಮ ಕಾಲೇಜಿನ ಸಂಗೀತಕ್ಕೆ ಬೇಕು" ಎಂದು ಬರೆಯುವಂತಿದ್ದರೆ ರೆಕಾರ್ಡಿಂಗ್ ಕಳಿಸಬೇಕು. "ಚೆನ್ನಾಗಿದೆ, ಶ್ರದ್ಧೆಯಿಂದ ಕಲಿತಿದ್ದಾನೆ" ಎಂಬ ಮಾತಿಗಾಗಿ ಕಳಿಸಬಾರದು.

ಇದನ್ನು ತಿಳಿಯುವುದು ಹೇಗೆ? ಅಪ್ಪ ಅಮ್ಮನಿಗೆ ತಿಳಿಯುವುದಿಲ್ಲ. ಕಲಿಸಿದ ಗುರುವಿಗೂ ಪೂರ್ತಿ ತಿಳಿಯುವುದಿಲ್ಲ. ನಾವು ಆ ಮಗು ಸರಳೆ ವರಸೆಯಲ್ಲಿ ಎಡವುತ್ತಿದ್ದ ದಿನದಿಂದ ನೋಡಿದವರು, ಅದು ಬಂದ ದೂರವನ್ನು ಕೇಳಿಸಿಕೊಳ್ಳುತ್ತೇವೆಯೇ ಹೊರತು ಈಗ ನಿಂತ ಜಾಗವನ್ನಲ್ಲ. ಅದಕ್ಕೇ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಹತ್ತು ನಿಮಿಷ ರೆಕಾರ್ಡ್ ಮಾಡಿ, ಮಗುವನ್ನು ಎಂದೂ ನೋಡದ ಒಬ್ಬ ವಿದ್ವಾಂಸರಿಗೆ ಹೆಸರು ಹೇಳದೆ ಕಳಿಸುತ್ತೇನೆ. ಚೆನ್ನಾಗಿದೆಯೇ ಎಂದು ಕೇಳುವುದಿಲ್ಲ, ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ಹದಿನೇಳು ವರ್ಷದವರಲ್ಲಿ ಇದು ಎಲ್ಲಿ ನಿಲ್ಲುತ್ತದೆ? ಏನು ಕೇಳಿಸಿತು, ಏನು ಕೇಳಿಸಲಿಲ್ಲ?" ಎಂದು ಕೇಳುತ್ತೇನೆ.

ಮಗಳು ಖರಹರಪ್ರಿಯ ರಾಗದಲ್ಲಿ ನುಡಿಸಿದ ತಾನವನ್ನೂ (ತಾಳವಿಲ್ಲದೆ ಲಯದಲ್ಲಿ ರಾಗ ಬೆಳೆಸುವುದು) ಕಲ್ಪನಾಸ್ವರವನ್ನೂ (ತಾಳಕ್ಕೆ ಸರಿಯಾಗಿ ಆಗಲೇ ಸ್ವರ ಕಟ್ಟುವುದು) ಮೈಸೂರಿನ ನನ್ನ ಹಿರಿಯ ಗುರುಬಂಧುವೊಬ್ಬರಿಗೆ ಹೀಗೆ ಕಳಿಸಿದ್ದೆ. ನನ್ನ ಮಗಳೆಂದು ಅವರಿಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೇ ಫೋನ್ ಬಂತು. "ಯಾರಮ್ಮ ಈ ಹುಡುಗಿ? ತಾನದಲ್ಲಿ ಅವಸರ ಇಲ್ಲ. ತಾನು ನುಡಿಸಿದ್ದನ್ನು ತಾನೇ ಕೇಳಿಸಿಕೊಂಡು ಮುಂದಕ್ಕೆ ಹೋಗ್ತಾಳೆ. ಕಲ್ಪನಾಸ್ವರ ಮಾತ್ರ ಇನ್ನೂ ಪಾಠದ ಹಾಗಿದೆ" ಎಂದರು. ತಾನವನ್ನು ಕಳಿಸಿದೆವು, ಕಲ್ಪನಾಸ್ವರವನ್ನು ಬಿಟ್ಟೆವು.

ಮಗನದು ಮೃದಂಗ. ಎಂಟು ವರ್ಷ ಕಲಿತಿದ್ದ. ಅವನ ರೆಕಾರ್ಡಿಂಗ್ ಕೇಳಿದ ವಿದ್ವಾಂಸರು "ಲೆಕ್ಕ ಶುದ್ಧ, ಕೈಯಲ್ಲಿ ನಾದ ಇನ್ನೂ ಕೂತಿಲ್ಲ" ಎಂದರು. ನನಗೆ ಗಂಟಲು ಕಟ್ಟಿತು. ಅವನು ಮಾತ್ರ "ಅಮ್ಮ, ನನಗೂ ಗೊತ್ತು" ಎಂದ. ಕಳಿಸಲಿಲ್ಲ.

ಕಳಿಸದಿದ್ದರೆ ಇಷ್ಟು ವರ್ಷದ ಕಲಿಕೆ ಕಾಲೇಜಿನವರಿಗೆ ಕಾಣದೆ ಹೋಗುತ್ತದಲ್ಲ?

ಹೋಗುವುದಿಲ್ಲ. ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆಗಳಿಗೆ ಜಾಗವಿದೆ. ಪ್ರತಿಯೊಂದಕ್ಕೂ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಬರೆಯಬೇಕು, ವಿವರಣೆಗೆ 150 ಅಕ್ಷರ ಸಿಗುತ್ತದೆ. 150 ಪದ ಅಲ್ಲ, ಅಕ್ಷರ. "ದಕ್ಷಿಣ ಭಾರತದ ಪ್ರಾಚೀನ ಶಾಸ್ತ್ರೀಯ ಕಲೆ" ಎಂದು ಶುರು ಮಾಡಿದರೆ ಅರ್ಧ ಅಲ್ಲೇ ಖರ್ಚಾಯಿತು. ಏನು ಮಾಡಿದ್ದೀರೋ ಅದನ್ನು ಬರೆಯಿರಿ: ಎಷ್ಟು ಕಛೇರಿ, ಎಷ್ಟು ಮಂದಿ ಕಿರಿಯರಿಗೆ ಪಾಠ, ಯಾವ ದೇವಸ್ಥಾನದಲ್ಲಿ ಯಾವ ವಾರ. ಎಂಐಟಿಯಲ್ಲಿ ನಾಲ್ಕೇ ಚಟುವಟಿಕೆಗೆ ಜಾಗ. ಅಲ್ಲಿ ಮೃದಂಗಕ್ಕೆ ಒಂದು ಕೊಟ್ಟರೆ ಅದೇ ದೊಡ್ಡ ಮಾತು.

ಇದರ ಮೇಲೆ ಪ್ರಬಂಧವಿದೆ, 650 ಪದ. ನನ್ನ ಮಗ ಬರೆದದ್ದು ರವೆಯ ಬಗ್ಗೆ. ಮೃದಂಗದ ಎಡಬದಿಗೆ ನುಡಿಸುವ ಮೊದಲು ರವೆಯನ್ನು ನೀರಲ್ಲಿ ಕಲಸಿ ಮೆತ್ತುತ್ತಾರಲ್ಲ, ಮುಗಿದ ಮೇಲೆ ಕೆರೆದು ತೆಗೆಯಬೇಕು. ಪ್ರತಿ ಶನಿವಾರ ದೇವಸ್ಥಾನದಲ್ಲಿ ಭಜನೆಗೆ ಕೂರುವ ಮೊದಲು ಅಲ್ಲಿನ ಅಡುಗೆಮನೆಯ ಸಿಂಕಿನ ಹತ್ತಿರ ನಿಂತು ಒಂದು ಹಿಡಿ ರವೆ ಕಲಸುತ್ತಿದ್ದ. ನೀರು ಜಾಸ್ತಿಯಾದರೆ ಜಾರುತ್ತದೆ, ಕಡಿಮೆಯಾದರೆ ಬಿರುಕು ಬಿಟ್ಟು ಉದುರುತ್ತದೆ. ಅಡುಗೆಮನೆಯ ಅಜ್ಜಿಯರು ಇವನಿಗೆಂದೇ ಒಂದು ಬಟ್ಟಲು ಎತ್ತಿಡುತ್ತಿದ್ದರು. ಒಬ್ಬೊಬ್ಬ ಅಜ್ಜಿಯೂ ತನ್ನದೇ ಕಾಲದಲ್ಲಿ ಹಾಡುತ್ತಿದ್ದಾಗ ಅವರ ಹಿಂದೆ ಹೋಗುವುದನ್ನು ಅವನು ಹೇಗೆ ಕಲಿತ ಎಂಬುದೇ ಆ ಪ್ರಬಂಧ. ಹತ್ತು ನಿಮಿಷದ ತನಿ ಆವರ್ತನ (ಮೃದಂಗವೊಂದೇ ನುಡಿಯುವ ಭಾಗ) ಅದನ್ನು ಹೇಳುತ್ತಿರಲಿಲ್ಲ.

ಸಾಧಾರಣವಾದದ್ದನ್ನು ಕಳಿಸಿದರೆ ನಷ್ಟವೇನು? ಇದ್ದರೆ ಇರಲಿ ಅಂತ ಕಳಿಸಬಹುದಲ್ಲ?

ಬೇಡ. ಅರ್ಜಿಯ ಉಳಿದ ಭಾಗದಲ್ಲಿ ಸಂಗೀತವೇ ನನ್ನ ಉಸಿರು ಎಂದು ಬರೆದಿರುತ್ತೀರಿ. ಓದುವವರು ಅದನ್ನು ನಂಬಿರುತ್ತಾರೆ. ಅದರ ಪಕ್ಕದಲ್ಲೇ ಪ್ರಾಧ್ಯಾಪಕರ "ಪರವಾಗಿಲ್ಲ" ಎಂಬ ಒಂದು ಸಾಲು ಬಂದು ಕೂತರೆ, ಆ ನಂಬಿಕೆಯೇ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಬಾಗಿಲು ಮುಚ್ಚಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಇದು ಲಾಟರಿ ಟಿಕೇಟಲ್ಲ.

ಇನ್ನೊಂದು ನಷ್ಟ ನನಗೆ ಹೆಚ್ಚು ಕಾಡುತ್ತದೆ. ಅಕ್ಟೋಬರ್ ತಿಂಗಳಲ್ಲಿ ಒಂದೇ ಕೃತಿಯನ್ನು ನಲವತ್ತು ಸಲ ರೆಕಾರ್ಡ್ ಮಾಡಿ, ಪ್ರತಿಯೊಂದರಲ್ಲೂ ತಪ್ಪು ಹುಡುಕಿ, ಕೊನೆಗೆ ವೀಣೆ ಕಂಡರೆ ಮುಖ ತಿರುಗಿಸುವ ಮಕ್ಕಳಿದ್ದಾರೆ. ಪ್ರಬಂಧಕ್ಕೆ ಬೇಕಾಗಿದ್ದ ಸಮಯವೂ ಅಲ್ಲೇ ಕರಗಿಹೋಗುತ್ತದೆ.

ಕಂಪ್ಯೂಟರ್ ಸೈನ್ಸ್ ಓದುವವನು ಸಂಗೀತ ಕಳಿಸಿದರೆ ಮನಸ್ಸು ಗಟ್ಟಿಯಿಲ್ಲ ಅಂದುಕೊಳ್ಳುತ್ತಾರೆಯೇ?

ಇಲ್ಲ. ಇವನು ಬಂದರೆ ನಮ್ಮ ಕ್ಯಾಂಪಸ್ಸಿಗೆ ಏನು ತರುತ್ತಾನೆ ಎಂದು ಅವರು ನೋಡುತ್ತಾರೆ. ಕಾಲೇಜಿನ ವಾದ್ಯವೃಂದಗಳಲ್ಲಿ ಅರ್ಧಕ್ಕರ್ಧ ಮಂದಿ ಬೇರೇನನ್ನೋ ಓದುವವರೇ ಇರುತ್ತಾರೆ.

ಸೀನಿಯರ್, ವಿದ್ವತ್ ಪರೀಕ್ಷೆ ಪಾಸಾಗಿದೆ. ಕ್ಲೀವ್‌ಲ್ಯಾಂಡ್‌ನಲ್ಲಿ ಬಹುಮಾನ ಬಂದಿದೆ. ಅದಕ್ಕೆ ಬೆಲೆ ಇಲ್ಲವೇ?

ಬೆಲೆ ಖಂಡಿತ ಇದೆ, ಆದರೆ ಅದೇನೆಂದು ನೀವೇ ತಿಳಿಸಬೇಕು. ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಹೆಸರು ಇಲ್ಲಿ ಯಾರಿಗೂ ಪರಿಚಯವಿಲ್ಲ. ಅದರಲ್ಲೂ ಜೂನಿಯರ್, ಸೀನಿಯರ್ ಎಂದರೆ ಅಮೆರಿಕದವರು ಹನ್ನೊಂದನೆಯ, ಹನ್ನೆರಡನೆಯ ತರಗತಿ ಎಂದೇ ಓದಿಕೊಳ್ಳುತ್ತಾರೆ! ಕರ್ನಾಟಕ ರಾಜ್ಯ ಮಟ್ಟದ ಪರೀಕ್ಷೆ, ಶಾಸ್ತ್ರ ಮತ್ತು ಪ್ರಯೋಗ ಎರಡೂ ಇರುತ್ತವೆ, ವಿದ್ವತ್ ಎಂಬುದು ಅದರ ಮೇಲಿನ ಹಂತ ಎಂದು ಒಂದು ಸಾಲು ಸೇರಿಸಿ. 1978ರಿಂದ ನಡೆಯುತ್ತಿರುವ ಕ್ಲೀವ್‌ಲ್ಯಾಂಡ್ ತ್ಯಾಗರಾಜ ಆರಾಧನೆ ಭಾರತದ ಹೊರಗೆ ನಮ್ಮ ಸಂಗೀತಕ್ಕೆ ಇರುವ ಬಹು ದೊಡ್ಡ ಉತ್ಸವಗಳಲ್ಲಿ ಒಂದು, ಅದನ್ನೂ ಹಾಗೆಯೇ ತಿಳಿಸಿ. ಪ್ರಮಾಣಪತ್ರಗಳನ್ನು ಸ್ಕ್ಯಾನ್ ಮಾಡಿ ತುಂಬಬೇಡಿ. ರೆಕಾರ್ಡಿಂಗ್ ಸೊರಗಿದ್ದರೆ ಯಾವ ಬಹುಮಾನವೂ ಅದನ್ನು ಎತ್ತಿ ನಿಲ್ಲಿಸುವುದಿಲ್ಲ.

ಯಾವುದನ್ನು ನುಡಿಸಬೇಕು? ವರ್ಣದಿಂದ ಶುರು ಮಾಡಬಹುದೇ?

ಕಛೇರಿ ಪದ್ಧತಿಯಂತೆ ವರ್ಣದಿಂದ ಶುರು ಮಾಡುವುದು ನಮಗೆ ಸಹಜ. ಕೈ ಕಾಯುತ್ತದೆ, ಸಭೆ ಕೂರುತ್ತದೆ, ಮುಖ್ಯ ರಾಗ ಮುಕ್ಕಾಲು ಗಂಟೆಯ ಮೇಲೆ ಬರುತ್ತದೆ. ಇಲ್ಲಿ ಕೇಳುವವರ ಮುಂದೆ ಇಂಥವು ನೂರಾರು ಇರುತ್ತವೆ. ಮೊದಲ ಎರಡು ನಿಮಿಷದಲ್ಲೇ ಒಂದು ಅಭಿಪ್ರಾಯ ಮೂಡಿಬಿಡುತ್ತದೆ, ಕೆಲವರು ಪೂರ್ತಿ ಕೇಳದೆಯೂ ಇರಬಹುದು. ಹಾಗಾಗಿ ಮಗುವಿನ ಅತ್ಯಂತ ಒಳ್ಳೆಯದು ಮೊದಲ ಎರಡು ನಿಮಿಷದೊಳಗೆ ಬರಲೇಬೇಕು.

ಸಾಮಾನ್ಯವಾಗಿ ಎರಡು ಭಿನ್ನ ಸ್ವಭಾವದ ತುಣುಕು ಕೇಳುತ್ತಾರೆ. ನಾನು ಒಂದು ರಚನೆಯನ್ನೂ ಒಂದು ಮನೋಧರ್ಮವನ್ನೂ ಇಡಿಸುತ್ತೇನೆ. ರಚನೆ ಬಿಗಿಯಾದ ಕಾಲಪ್ರಮಾಣದ್ದಾಗಿರಲಿ, ನಾಲ್ಕೈದು ನಿಮಿಷದಲ್ಲಿ ಮುಗಿಯಲಿ. ಮನೋಧರ್ಮವೆಂದರೆ ಆಗಲೇ ಕಲ್ಪಿಸಿ ನುಡಿಸುವುದು: ಆಲಾಪನೆ, ತಾನ, ನೆರವಲ್, ಕಲ್ಪನಾಸ್ವರ ಯಾವುದಾದರೂ ಸರಿ, ಮಗುವಿಗೆ ನಿಜವಾಗಿ ಕೈಗೆ ಹತ್ತಿದ್ದು. ವೀಣೆಯವರು ತಾನವನ್ನು ಮರೆಯಬೇಡಿ. ತಾಳವಿಲ್ಲದೆಯೂ ಲಯ ಹರಿಯುವ ಆ ಬಗೆ ಹೊಸಬರ ಕಿವಿಯನ್ನೂ ತಕ್ಷಣ ಹಿಡಿಯುತ್ತದೆ. ಉರು ಹೊಡೆದ ಕಲ್ಪನಾಸ್ವರವನ್ನು ಮಾತ್ರ ಆಗಲೇ ಹೊಳೆದದ್ದು ಎಂದು ತೋರಿಸಬೇಡಿ. ಅದು ಸುಳ್ಳು, ಮಗುವಿಗೆ ಅದು ಗೊತ್ತಿರುತ್ತದೆ. ಕಠಿಣವಾದ ಪಲ್ಲವಿಯಲ್ಲಿ ಉಸಿರುಗಟ್ಟುವುದಕ್ಕಿಂತ ಮಧ್ಯಮಾವತಿಯನ್ನು ನೆಮ್ಮದಿಯಾಗಿ ನುಡಿಸುವುದು ಮೇಲು.

ಜೊತೆಗೆ ಟಿಪ್ಪಣಿ ಬರೆಯಲು ಸಣ್ಣ ಜಾಗ ಕೊಡುತ್ತಾರೆ. ಹೆಚ್ಚಿನವರು ಅದನ್ನು ರಾಗದ ಆರೋಹಣ ಅವರೋಹಣಕ್ಕೋ ವಾಗ್ಗೇಯಕಾರರ ಚರಿತ್ರೆಗೋ ಬಳಸಿ ಕಳೆದುಕೊಳ್ಳುತ್ತಾರೆ. ನನ್ನ ಮಗಳ ಟಿಪ್ಪಣಿಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: "ಮೊದಲ ನಾಲ್ಕು ನಿಮಿಷ ನಾನು ಗುರುಮುಖದಿಂದ ಕಲಿತ ರಚನೆ. 4:05ರಿಂದ ಕೊನೆಯವರೆಗೆ ನುಡಿಸಿದ ಯಾವ ಸ್ವರವೂ ಮೊದಲೇ ನಿರ್ಧರಿಸಿದ್ದಲ್ಲ, ಈ ರಾಗದ ನಿಯಮದೊಳಗೆ ಆಗಲೇ ಹುಟ್ಟಿದ್ದು. 7:20ರಲ್ಲಿ ಒಂದೇ ಮೆಟ್ಟಿನ ಮೇಲೆ ತಂತಿಯನ್ನು ಎಳೆದು ನಾಲ್ಕು ಸ್ವರ ತೆಗೆದಿದ್ದೇನೆ, ಅದು ನಮ್ಮ ವಾದ್ಯದ ಜೀವ." ಪಿಯಾನೊ ನುಡಿಸುವವರು 7:20ಕ್ಕೆ ಹೋಗಿ ನೋಡದೆ ಇರುತ್ತಾರೆಯೇ?

ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿಸಬೇಕೇ?

ಬೇಡ. ಒಳ್ಳೆಯ ಫೋನು, ಐವತ್ತು ಅರವತ್ತು ಡಾಲರಿನ ಒಂದು ಮೈಕು, ರಗ್ಗು ಹಾಸಿದ ಕೋಣೆ ಸಾಕು. ಖರ್ಚಿಗಿಂತ ಮುಖ್ಯವಾದದ್ದು ಮೌನ, ಅಕ್ಟೋಬರ್‌ನಲ್ಲಿ ಅದು ಸಿಗುವುದೇ ಕಷ್ಟ. ಒಂದು ಭಾನುವಾರ ಹುಡುಗಿಯೊಬ್ಬಳು ಕಲ್ಯಾಣಿಯ ಆಲಾಪನೆಯಲ್ಲಿ ತಾರಷಡ್ಜಕ್ಕೆ ಏರಿ ನಿಂತ ಹೊತ್ತಿಗೆ ಪಕ್ಕದ ಮನೆಯವರು ಒಣಗಿದೆಲೆ ಊದುವ ಯಂತ್ರ ಶುರು ಮಾಡಿದರು. ಅವಳ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಬೆಳಿಗ್ಗೆ ಏಳಕ್ಕೇ ಮಕ್ಕಳನ್ನು ಕರೆಯುತ್ತೇನೆ. ಹೀಟರ್ ಆಫ್, ಫ್ರಿಜ್ ಆಫ್. ಫ್ರಿಜ್ಜಿನ ಗುಂಯ್ ಶಬ್ದ ತಂಬೂರದ ಶ್ರುತಿಯ ಕೆಳಗೆ ಸೇರಿಕೊಂಡರೆ ಏನೋ ಅಪಶ್ರುತಿ ಎನಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಕಾರಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಟ್ಟು ಆಫ್ ಮಾಡಿ, ಹೊರಡುವಾಗ ಮತ್ತೆ ಆನ್ ಮಾಡಲು ಮರೆಯುವುದಿಲ್ಲ.

ಜೂಮ್‌ನಲ್ಲಿ ರೆಕಾರ್ಡ್ ಮಾಡಬೇಡಿ. ಒಂದೇ ಸಮನೆ ಬರುವ ಶಬ್ದವನ್ನು ಅದು ಗದ್ದಲವೆಂದು ತಿಳಿದು ಅಳಿಸಿಹಾಕುತ್ತದೆ, ತಂಬೂರವೇ ಮಾಯವಾಗುತ್ತದೆ. ವೀಣೆಯಾದರೆ ಕ್ಯಾಮೆರಾವನ್ನು ಎಡಗೈ ಬೆರಳು ಮೆಟ್ಟುಗಳ ಮೇಲೆ ಕಾಣುವಂತೆ ಇಡಿ. ನಡುವೆ ಕತ್ತರಿಸಿ ಜೋಡಿಸಬೇಡಿ, ಶ್ರುತಿ ತಿದ್ದುವ ಸಾಫ್ಟ್‌ವೇರ್ ಬೇಡವೇ ಬೇಡ, ಪ್ರತಿಧ್ವನಿ ಸೇರಿಸಬೇಡಿ. ಗುರುಗಳು ಹಿಂದಿನಿಂದ ದನಿಗೂಡಿಸುವುದೂ ಬೇಡ. ಎಲ್ಲೋ ಒಂದು ಸ್ವರ ತುಸು ಒರಟಾಯಿತೆ, ಇರಲಿ. ನನ್ನ ಅನುಭವದಲ್ಲಿ ಮೂರನೆಯ ಅಥವಾ ನಾಲ್ಕನೆಯ ಸಲದ್ದೇ ಒಳ್ಳೆಯದಾಗಿರುತ್ತದೆ, ಹತ್ತನೆಯದರ ನಂತರ ಜೀವವೇ ಇರುವುದಿಲ್ಲ.

ರಂಗಪ್ರವೇಶದ ವಿಡಿಯೊ ಇದೆ, ಅಷ್ಟು ಖರ್ಚು ಮಾಡಿ ತೆಗೆಸಿದ್ದು. ಅದನ್ನೇ ಕಳಿಸಬಹುದಲ್ಲ?

ನೆನಪಿಗೆ ಅದು ಅಮೂಲ್ಯ, ಇದಕ್ಕೆ ಆಗುವುದಿಲ್ಲ. ಮೂರು ಕ್ಯಾಮೆರಾದವರು ಕಣ್ಣು, ಗೆಜ್ಜೆ, ಕೈ, ಎದುರಿನ ಸಾಲಿನಲ್ಲಿ ಕೂತ ಅಜ್ಜಿ ಎಂದು ಬದಲಿಸುತ್ತಾ ಹೋಗಿರುತ್ತಾರೆ. ನೋಡುವವರಿಗೆ ತಲೆಯಿಂದ ಪಾದದವರೆಗೆ ಇಡೀ ದೇಹ ಒಂದೇ ಚೌಕಟ್ಟಿನಲ್ಲಿ ಬೇಕು. ಅರೆಮಂಡಿ (ಮಂಡಿ ಮಡಿಸಿ ಅರ್ಧ ಕೂತ ಭಂಗಿ) ಎಷ್ಟು ಹೊತ್ತು ನಿಲ್ಲುತ್ತದೆ, ಜತಿಯ (ಹೆಜ್ಜೆಗಳ ಜೋಡಣೆಯ) ಕೊನೆಯಲ್ಲಿ ಪಾದ ಎಲ್ಲಿ ಬೀಳುತ್ತದೆ ಎಂದು ಅವರು ನೋಡುತ್ತಾರೆ. ಅಭ್ಯಾಸದ ಸೀರೆಯಲ್ಲಿ, ಖಾಲಿ ಗೋಡೆಯ ಮುಂದೆ, ಅಲುಗಾಡದ ಕ್ಯಾಮೆರಾದಲ್ಲಿ ಹೊಸದಾಗಿ ತೆಗೆಯಿರಿ. ವರ್ಣದ ಒಂದು ಜತಿ ಭಾಗ, ಒಂದು ಅಭಿನಯದ ತುಣುಕು. ಮಗು ತಾನೇ ಸಂಯೋಜಿಸಿದ ಎರಡು ನಿಮಿಷವಿದ್ದರೆ ಅದನ್ನು ಖಂಡಿತ ಸೇರಿಸಿ.

ಯಕ್ಷಗಾನ, ಮೈಸೂರು ಚಿತ್ರಕಲೆ, ಕಸೂತಿ ಇವೆಲ್ಲ ಕಳಿಸಬಹುದೇ?

ಬಹಳ ಸಂತೋಷದಿಂದ ಕಳಿಸಿ, ಅಪರೂಪದ್ದು ಕಣ್ಣಿಗೆ ಬೀಳುತ್ತದೆ. ಯಕ್ಷಗಾನದವರು ವೇಷ ಕಟ್ಟಿ ಪ್ರವೇಶ ಕುಣಿತ ಕಳಿಸುವುದೇ ಹೆಚ್ಚು. ಅರ್ಥಗಾರಿಕೆ ಬಲ್ಲ ಮಗುವಾದರೆ ನಾನು ಅದನ್ನೇ ಕಳಿಸಿ ಎನ್ನುತ್ತೇನೆ, ರಂಗಭೂಮಿ ವಿಭಾಗಕ್ಕೆ, ಕೆಳಗೆ ಇಂಗ್ಲಿಷ್ ಸಾಲುಗಳನ್ನು ಕೊಟ್ಟು. ಬಾಯಿಪಾಠವಿಲ್ಲದೆ, ಎದುರಾಳಿಯ ಮಾತಿಗೆ ತಕ್ಕಂತೆ ಆ ಕ್ಷಣ ಪಾತ್ರವಾಗಿ ವಾದಿಸುವ ಹದಿನೇಳರ ಹುಡುಗ ಅವರಿಗೆ ಬೇರೆಲ್ಲಿ ಸಿಗುತ್ತಾನೆ?

ಮೈಸೂರು ಚಿತ್ರಕಲೆಯಲ್ಲಿ ಒಂದು ತೊಡಕಿದೆ. ತರಗತಿಯಲ್ಲಿ ಎಲ್ಲ ಮಕ್ಕಳೂ ಅದೇ ಅಚ್ಚಿನ ಗಣಪತಿ, ಅದೇ ಲಕ್ಷ್ಮಿಯನ್ನು ಬರೆದು ಚಿನ್ನದ ರೇಕು ಅಂಟಿಸಿರುತ್ತಾರೆ. ನೋಡುವವರು ಇದರಲ್ಲಿ ನಿನ್ನದೇನು ಎಂದು ಕೇಳುತ್ತಾರೆ. ಒಂದೆರಡು ಸಾಂಪ್ರದಾಯಿಕ ಕೃತಿ ಸಾಕು. ಉಳಿದದ್ದು ಆ ಕಲೆಯಿಂದ ಕಲಿತ ಗೆರೆಯಲ್ಲಿ ಮಗು ತಾನೇ ಕಂಡದ್ದನ್ನು ಬರೆದ ಚಿತ್ರಗಳಾಗಿರಲಿ, ಕರಡು ಪುಸ್ತಕದ ಹಾಳೆಗಳಾಗಿರಲಿ. ಕಸೂತಿಯಾದರೆ ಬಟ್ಟೆಯ ಹಿಂಬದಿಯ ಫೋಟೊ ಮರೆಯಬೇಡಿ. ಗವಂತಿ ಹೊಲಿಗೆಯಲ್ಲಿ ಗಂಟಿಲ್ಲದೆ ಎರಡೂ ಬದಿ ಒಂದೇ ತರಹ ಕಾಣುವುದನ್ನು ಕಂಡವರು ಮತ್ತೆ ಮುಂಬದಿಗೆ ಹೋಗಿ ನೋಡುತ್ತಾರೆ.

ಗುರುಗಳಿಂದ ಪತ್ರ ತೆಗೆದುಕೊಳ್ಳಬಹುದೇ? ಅವರಿಗೆ ಇಂಗ್ಲಿಷ್ ಬರೆದು ಅಭ್ಯಾಸವಿಲ್ಲ.

ಹೆಚ್ಚುವರಿ ಪತ್ರಕ್ಕೆ ಅವಕಾಶ ಕೊಡುವ ಕಾಲೇಜುಗಳಿಗೆ ತೆಗೆದುಕೊಳ್ಳಿ. ಗುರುಗಳು ಕನ್ನಡದಲ್ಲೇ ಬರೆಯಲಿ ಅಥವಾ ಹೇಳಲಿ. ಮನೆಯವರಲ್ಲದ ಒಬ್ಬರು ಅನುವಾದಿಸಲಿ, ಎರಡನ್ನೂ ಸೇರಿಸಿ ಗುರುಗಳ ಕಡೆಯಿಂದಲೇ ಹೋಗಲಿ. ಅಪ್ಪ ಬರೆದು ಗುರುಗಳ ಸಹಿ ಹಾಕಿಸುವುದು ಮಾತ್ರ ಕೂಡದು. ವಿನಯವಂತೆ, ಶ್ರದ್ಧಾವಂತೆ ಎಂಬ ಮಾತು ಎಲ್ಲ ಪತ್ರಗಳಲ್ಲೂ ಇರುತ್ತದೆ. ಒಂದು ಪ್ರಸಂಗ ಬರೆಯಲು ಕೇಳಿಕೊಳ್ಳಿ. ನನ್ನ ವಿದ್ಯಾರ್ಥಿನಿಯೊಬ್ಬಳ ಬಗ್ಗೆ ನಾನು ಬರೆದದ್ದು ಇಷ್ಟೇ: ಕಛೇರಿಯ ನಡುವೆ ವೀಣೆಯ ಮುಖ್ಯ ತಂತಿಯಾದ ಸಾರಣಿ ಹರಿದಾಗ ಅವಳು ನಿಲ್ಲಿಸಲಿಲ್ಲ, ಪಂಚಮದ ತಂತಿಯ ಮೇಲೆ ಚರಣ ಮುಗಿಸಿ, ಆಮೇಲೆ ತಂತಿ ಕಟ್ಟಿಕೊಂಡಳು.

ಯಾವಾಗ ಶುರು ಮಾಡಬೇಕು?

ಅರ್ಲಿ (ಬೇಗ ಹಾಕಿ ಬೇಗ ಉತ್ತರ ಪಡೆಯುವ) ಅರ್ಜಿಗಳ ಕೊನೆಯ ದಿನ ಸಾಮಾನ್ಯವಾಗಿ ನವೆಂಬರ್ 1, ರೆಗ್ಯುಲರ್ ಅರ್ಜಿಗಳದು ಜನವರಿ ಮೊದಲ ವಾರ. ಕೆಲವು ಕಾಲೇಜುಗಳಲ್ಲಿ ಸಪ್ಲಿಮೆಂಟಿನ ದಿನ ಅರ್ಜಿಯ ದಿನಕ್ಕಿಂತ ಮೊದಲೇ ಬಂದುಬಿಡುತ್ತದೆ. ನವರಾತ್ರಿಯೂ ಅದೇ ಹೊತ್ತಿಗೆ ಬರುತ್ತದೆ, ಮಕ್ಕಳಿಗೆ ಕಾರ್ಯಕ್ರಮಗಳ ಸಾಲು. ಬೇಸಿಗೆ ರಜೆಯ ಕೊನೆಯಲ್ಲಿ, ಆಗಸ್ಟ್‌ನಲ್ಲೇ ರೆಕಾರ್ಡಿಂಗ್ ಮುಗಿಸಿ. ಇನ್ನೊಬ್ಬ ವಿದ್ವಾಂಸರಿಗೆ ಕೇಳಿಸುವ ಕೆಲಸ ಅದಕ್ಕೂ ಮುಂಚೆ, ಜೂನ್‌ನಲ್ಲಿ.

ನಾವು ಬೆಂಗಳೂರಿನಿಂದ ಅರ್ಜಿ ಹಾಕುತ್ತಿದ್ದೇವೆ. ಏನಾದರೂ ವ್ಯತ್ಯಾಸವಿದೆಯೇ?

ಪದ್ಧತಿ ಅದೇ. ಸ್ಪರ್ಧೆಯ ಮಟ್ಟ ಮಾತ್ರ ಬೇರೆಯಾಗಿ ಯೋಚಿಸಬೇಕು. ನ್ಯೂಜೆರ್ಸಿಯಲ್ಲಿ ಅಪರೂಪವೆನಿಸುವ ಮಗು ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಬೀದಿಗೊಬ್ಬರಂತೆ ಇರುತ್ತಾರೆ. ಅದೇ ನಿಮ್ಮ ಅನುಕೂಲವೂ ಹೌದು: ಮಗುವನ್ನು ನೋಡದ, ನಿಷ್ಠುರವಾಗಿ ಹೇಳಬಲ್ಲ ವಿದ್ವಾಂಸರು ಆಟೊ ದೂರದಲ್ಲೇ ಸಿಗುತ್ತಾರೆ. ಹೋಗಿ ಕೇಳಿಸಿ. ರೆಕಾರ್ಡಿಂಗ್‌ಗೆ ಬೆಳಗಿನ ಐದು ಗಂಟೆ, ಮನೆಮನೆಯ ಕುಕ್ಕರ್ ಕೂಗುವ ಮೊದಲು.

ನಮಗೆ ಕಳಿಸಬೇಕೆಂದು ಆಸೆ, ಮಗಳು ಬೇಡ ಅನ್ನುತ್ತಿದ್ದಾಳೆ. ಹೇಗೆ ಒಪ್ಪಿಸುವುದು?

ಒಪ್ಪಿಸಬೇಡಿ. ಹಿಮದಲ್ಲಿ ಕಾರು ಓಡಿಸಿ ಹನ್ನೆರಡು ವರ್ಷ ಪಾಠಕ್ಕೆ ಕರೆದುಕೊಂಡು ಬಂದವರು ನೀವು, ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಯಾಕೆ ಬೇಡ ಎಂದು ಮಾತ್ರ ಒಮ್ಮೆ ಕೂತು ಕೇಳಿ. ಹೆದರಿಕೆಯಾದರೆ ಧೈರ್ಯ ಹೇಳಬಹುದು. ಆದರೆ ಒಬ್ಬ ಹುಡುಗಿ ನನಗೆ ಹೇಳಿದಳು, "ಆಂಟಿ, ಇದೊಂದಕ್ಕಾದರೂ ಯಾರೂ ಮಾರ್ಕ್ಸ್ ಕೊಡೋದು ಬೇಡ." ಅವಳ ತಾಯಿಗೆ ನಾನೇ ಫೋನ್ ಮಾಡಿ, ಬಿಟ್ಟುಬಿಡಿ ಎಂದೆ. ಅವಳು ಈಗಲೂ ನುಡಿಸುತ್ತಾಳೆ.

ಕಳಿಸಿದ ಮೇಲೆ ಅವರು ಏನೆಂದರು ಎಂದು ತಿಳಿಯುತ್ತದೆಯೇ?

ಇಲ್ಲ. ಪ್ರವೇಶ ಸಿಕ್ಕರೂ ಸಿಗದಿದ್ದರೂ ಅದರಲ್ಲಿ ವೀಣೆಯ ಪಾಲೆಷ್ಟು ಎಂದು ಯಾರೂ ಹೇಳುವುದಿಲ್ಲ. ಮಗಳಿಗೆ ಸೀಟು ಕೊಟ್ಟ ಕಾಲೇಜೂ ಹೇಳಲಿಲ್ಲ, ಕೊಡದ ಎರಡೂ ಹೇಳಲಿಲ್ಲ.

ಕಾಲೇಜಿಗೆ ವೀಣೆ ಒಯ್ಯಬಹುದೇ?

ಒಯ್ಯಲಿ. ಗಟ್ಟಿ ಪೆಟ್ಟಿಗೆಯಲ್ಲಿಟ್ಟರೆ ಮಂಚದ ಕೆಳಗೆ ಹಿಡಿಯುತ್ತದೆ, ಹೊರಡುವ ಮೊದಲು ಒಮ್ಮೆ ಅಳೆದು ನೋಡಿ. ಹಾಸ್ಟೆಲಿನ ಹೀಟರ್ ಹತ್ತಿರ ಇಡಬಾರದು. ಚಳಿಗಾಲದ ಒಣಹವೆಗೆ ಮರ ಬಿರುಕು ಬಿಡುತ್ತದೆ, ಕೋಣೆಯಲ್ಲಿ ಸಣ್ಣದೊಂದು ಹ್ಯುಮಿಡಿಫೈಯರ್ ಇರಲಿ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯೂ ಬಿಡಬೇಡಿ, ಮೆಟ್ಟು ಕೂರಿಸಿದ ಮೇಣ ಕರಗಿ 24 ಮೆಟ್ಟೂ ಜಾರುತ್ತವೆ. ಎರಡು ಜೊತೆ ತಂತಿ ಹೆಚ್ಚಿಗೆ ಕೊಟ್ಟು ಕಳಿಸಿ. ತಂತಿ ಕಟ್ಟುವುದು ಬಾರದಿದ್ದರೆ ಹೊರಡುವ ಮುಂಚೆ ಒಂದು ಸಂಜೆ ನನ್ನ ಹತ್ತಿರ ಕಳಿಸಿ, ಹೇಳಿಕೊಡುತ್ತೇನೆ.